ಹಳೇ ವಾಚು ‘ಒರಿಜಿನಲ್’ ಅಂದರೆ ಅಸಲಿಯೋ, ಹುಟ್ಟಿನದೋ?

ಗೆಳೆಯರೇ, ಒಂದು ಪದ ಬೇಕಾಗಿದೆ. ಒಂದೇ ಸಾಕು ಅಂದುಕೊಂಡಿದ್ದೆ, ಬರೆಯುತ್ತಾ ಹೋದಂತೆ ನಾಲ್ಕೈದು ಆದವು.

ಹೋದ ವರ್ಷ ಕೀ ಕೊಡುವ ಹಳೇ ವಾಚೊಂದನ್ನು ಕೊಂಡೆ. 1960ರ ದಶಕದ್ದು. ಮಾರಿದವರು ‘ಪೂರ್ತಿ ಒರಿಜಿನಲ್’ ಅಂದಿದ್ದರು. ಮನೆಗೆ ತಂದು ಭೂತಗನ್ನಡಿ ಹಿಡಿದರೆ ಡಯಲ್ ಮೇಲಿನ ಅಕ್ಷರ ಒಂದು ದಪ್ಪ, ಒಂದು ತೆಳು. ನಿಮಿಷದ ಗೆರೆಗಳು ಗಂಟೆಯ ಗುರುತುಗಳ ನೇರಕ್ಕೆ ಕೂತಿಲ್ಲ. ಆರು ಗಂಟೆಯ ಕೆಳಗೆ ಇರಬೇಕಾದ ‘ಸ್ವಿಸ್ ಮೇಡ್’ ಇಲ್ಲವೇ ಇಲ್ಲ. ಹಳೇ ಡಯಲ್ಲಿಗೆ ಹೊಸ ಬಣ್ಣ ಹೊಡೆದು, ಮೇಲೆ ಮತ್ತೆ ಅಚ್ಚು ಹಾಕಿದ್ದರು. ಹೋಗಿ ಕೇಳಿದೆ. ‘ನಾನೇನು ಡೂಪ್ಲಿಕೇಟ್ ಕೊಟ್ಟೆನಾ? ಎಲ್ಲಾ ಅದೇ ಕಂಪನಿಯದೇ’ ಅಂದರು. ಬೇಜಾರಾಯಿತು. ಆದರೆ ಯೋಚಿಸಿದರೆ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅವರ ‘ಒರಿಜಿನಲ್’ಗೆ ಎದುರು ಪದ ‘ನಕಲಿ’. ನನ್ನ ‘ಒರಿಜಿನಲ್’ಗೆ ಎದುರು ಪದ ‘ಬದಲಾಯಿಸಿದ್ದು’. ಪದ ಒಂದೇ, ಕೇಳಿದ ಪ್ರಶ್ನೆ ಬೇರೆ.

ಈಗ ಗೆಳತಿಯೊಬ್ಬಳು ಹಳೇ ವಾಚು ಕೊಳ್ಳಲು ಹೊರಟಿದ್ದಾಳೆ. ಏನೇನು ನೋಡಬೇಕು ಅಂತ ಅವಳಿಗೆ ಕನ್ನಡದಲ್ಲಿ ಬರೆದು ಕೊಡುತ್ತಿದ್ದೇನೆ. ಮೊದಲ ಸಾಲಿನಲ್ಲೇ ಕೈ ನಿಂತಿತು.

ನಿಘಂಟಿನಲ್ಲಿ ‘ಒರಿಜಿನಾಲಿಟಿ’ಗೆ ‘ಸ್ವಂತಿಕೆ’ ಅಂತ ಸಿಗುತ್ತದೆ. ಇಲ್ಲಿ ಅದು ನಡೆಯುವುದಿಲ್ಲ. ವಾಚಿಗೆ ಸ್ವಂತಿಕೆ ಇದೆ ಅಂದರೆ ಅದರ ವಿನ್ಯಾಸ ಬೇರೆಯವರದನ್ನು ನೋಡಿ ಮಾಡಿದ್ದಲ್ಲ ಅಂತ ಆಗುತ್ತದೆ.

ಇನ್ನು ‘ಅಸಲಿ’ ಮತ್ತು ‘ಮೂಲ’. ಅಸಲಿಯ ಹಿಂದಿರುವ ಅರಬ್ಬಿಯ ‘ಅಸ್ಲ್’ಗೆ ಬೇರು, ಬುಡ ಅಂತ ಅರ್ಥ. ಸಂಸ್ಕೃತದ ‘ಮೂಲ’ಕ್ಕೂ ಬೇರು ಅಂತಲೇ ಅರ್ಥ. ಎರಡೂ ಒಂದೇ ಕಡೆಯಿಂದ ಹೊರಟರೂ ಕನ್ನಡದಲ್ಲಿ ಬೇರೆ ಬೇರೆ ಕೆಲಸಕ್ಕೆ ನಿಂತಿವೆ. ಸಾಲದ ‘ಅಸಲು’ ಬಡ್ಡಿಯ ಎದುರು ನಿಲ್ಲುತ್ತದೆ, ‘ಅಸಲಿ’ ನಕಲಿಯ ಎದುರು. ‘ಮೂಲ’ ಮಾತ್ರ ಮೊದಲು ಎಲ್ಲಿತ್ತು, ಹೇಗಿತ್ತು ಅನ್ನುವುದನ್ನು ಹೇಳುತ್ತದೆ. ಹಾಗಾಗಿ ವಾಚಿನ ಒಂದು ಭಾಗ ಅಸಲಿಯಾಗಿದ್ದೂ ಮೂಲದ್ದಲ್ಲದೆ ಇರಬಹುದು. 1965ರ ವಾಚಿನ ಮುಳ್ಳುಗಳನ್ನು 1990ರಲ್ಲಿ ಕಂಪನಿಯವರೇ ಸರ್ವಿಸ್ ಮಾಡುವಾಗ ಬದಲಾಯಿಸಿದ್ದಾರೆ ಅಂದುಕೊಳ್ಳಿ. ಮುಳ್ಳು ಖಂಡಿತ ಅಸಲಿ. ಆದರೆ ಆ ವಾಚಿನ ಜೊತೆ ಹುಟ್ಟಿದ್ದಲ್ಲ.

ಹುಟ್ಟಿದ್ದು! ಬರೆಯುವಾಗ ತಾನಾಗಿ ಬಂದ ಈ ಪದವೇ ನನಗೆ ಜಾಸ್ತಿ ಹಿಡಿಸಿತು. ಹುಟ್ಟುಗುಣ, ಹುಟ್ಟೂರು ಅನ್ನುತ್ತೇವೆ ಅಲ್ವಾ? ‘ಈ ಡಯಲ್ ಹುಟ್ಟಿನದೋ, ಆಮೇಲೆ ಹಾಕಿಸಿದ್ದೋ?’ ಅಂತ ಕೇಳಿದರೆ ಜಾರಿಕೊಳ್ಳುವುದು ಕಷ್ಟ. ‘ಸ್ವಂತ ಹಲ್ಲೋ, ಕಟ್ಟಿಸಿದ್ದೋ?’ ಅಂತ ಕೇಳಿದ ಹಾಗೆ.

ಹೀಗೆ ಕೇಳಿದರೆ ವಾಚೇ ಎಷ್ಟೋ ಸಲ ಉತ್ತರ ಕೊಡುತ್ತದೆ. ಕತ್ತಲಲ್ಲಿ ಹೊಳೆಯುವ ಬಣ್ಣವನ್ನೇ ನೋಡಿ. ಅದು ಹೊಳೆಯಲೆಂದು ವಿಕಿರಣ ವಸ್ತು ಬೆರೆಸುತ್ತಿದ್ದರು. 1960ರ ದಶಕದಲ್ಲಿ ರೇಡಿಯಂ ಹೋಗಿ ಟ್ರಿಟಿಯಂ ಬಂತು. ಆಗಿನ ಬಹಳಷ್ಟು ಸ್ವಿಸ್ ಡಯಲ್‌ಗಳ ಕೆಳಗೆ ‘ಟಿ ಸ್ವಿಸ್ ಟಿ’ ಅಂತ ಇರುವುದು ಅದಕ್ಕೇ. ಟ್ರಿಟಿಯಂ ಸುಮಾರು 12.3 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. 60 ವರ್ಷ ಕಳೆದರೆ ಉಳಿಯುವುದು ಮೂವತ್ತರಲ್ಲಿ ಒಂದು ಪಾಲಿನಷ್ಟು. ರೇಡಿಯಂಗೆ ಅರ್ಧವಾಗಲು ಸುಮಾರು 1600 ವರ್ಷ ಬೇಕು. ಅದರ ವಿಕಿರಣ ಈಗಲೂ ಇದೆ, ಆದರೆ ಜೊತೆಗೆ ಬೆರೆಸಿದ್ದ ಹೊಳೆಯುವ ಪುಡಿ ಸೋತುಹೋಗಿರುತ್ತದೆ. ಅಷ್ಟು ಹಳೇ ವಾಚು ದೀಪ ಆರಿಸಿದ ಮೇಲೆ ಗಂಟೆಗಟ್ಟಲೆ ಹಸಿರಾಗಿ ಬೆಳಗಿದರೆ ಆ ಬಣ್ಣ ಹುಟ್ಟಿನದಲ್ಲ. ಮುಳ್ಳಿನ ಬಣ್ಣ ಬಿಳಿ, ಡಯಲ್ಲಿನ ಚುಕ್ಕೆ ಕಂದು ಇದ್ದರೆ ಎರಡರಲ್ಲಿ ಒಂದನ್ನು ಬದಲಾಯಿಸಿರುವ ಸಾಧ್ಯತೆ ಹೆಚ್ಚು. (ರೇಡಿಯಂ ಡಯಲ್ ಇರುವ ವಾಚನ್ನು ನೀವೇ ಬಿಚ್ಚಬೇಡಿ. ಆ ಪುಡಿ ಉಸಿರಿನಲ್ಲಿ ಒಳಗೆ ಹೋಗಬಾರದು.)

ಎಲ್ಲಾ ಭಾಗವೂ ಅಸಲಿ, ಆದರೆ ಒಂದೊಂದು ಒಂದೊಂದು ವಾಚಿನಿಂದ ಬಂದದ್ದು ಅಂತಲೂ ಇರುತ್ತದೆ. ಒಳಗಿನ ಮಷೀನಿನ ನಂಬರು ಒಂದು ಕಾಲದ್ದು, ಕೇಸು ಇನ್ನೊಂದು ಕಾಲದ್ದು. ಇಂಥದಕ್ಕೆ ‘ಫ್ರಾಂಕನ್‌ವಾಚ್’ ಅನ್ನುತ್ತಾರೆ. ನಾನು ‘ಕಲಬೆರಕೆ ವಾಚು’ ಅಂತ ಬರೆದು ಹೊಡೆದುಹಾಕಿದೆ. ಕಲಬೆರಕೆ ಅಂದ ಕೂಡಲೇ ಮೋಸದ ವಾಸನೆ ಬರುತ್ತದೆ. ಕೆಟ್ಟುಹೋದ ಎರಡು ವಾಚುಗಳಿಂದ ಒಂದನ್ನು ಪ್ರೀತಿಯಿಂದ ಓಡುವ ಹಾಗೆ ಮಾಡಿದವರೂ ಇದ್ದಾರೆ. ಅದನ್ನು ಮುಚ್ಚಿಡದೆ ಹೇಳಿ ಮಾರಿದರೆ ‘ಬೆರಕೆ ವಾಚು’ ಸಾಕು, ಮುಚ್ಚಿಟ್ಟರೆ ಕಲಬೆರಕೆ. ಈ ಭೇದ ನಿಮಗೂ ಕಿವಿಗೆ ಕೇಳಿಸುತ್ತದೆಯೇ?

ಕೇಸಿನ ವಿಷಯಕ್ಕೆ ಹೊಸ ಪದವೇ ಬೇಕಿಲ್ಲ, ನಮ್ಮ ಕ್ರಿಯಾಪದವೇ ಸಾಕು. ಕೈಯಲ್ಲಿ ಕಟ್ಟಿ ಕಟ್ಟಿ ಸುತ್ತು ಮಾಸಿದ ಕೇಸು ‘ಸವೆದದ್ದು’. ಪಾಲಿಶ್ ಯಂತ್ರಕ್ಕೆ ಕೊಟ್ಟು, ಬೆಲ್ಟ್ ಸಿಕ್ಕಿಸುವ ಕಡೆಯ ಚೂಪು ಅಂಚೆಲ್ಲ ದುಂಡಗಾಗಿದ್ದರೆ ‘ಸವೆಸಿದ್ದು’. ಮೊದಲನೆಯದು ವಯಸ್ಸು, ಎರಡನೆಯದು ಕೈವಾಡ. ಒಂದು ಪ್ರತ್ಯಯ ಇಷ್ಟು ಹೇಳುತ್ತದೆ.

ನಾನು ನಿಜಕ್ಕೂ ಸಿಕ್ಕಿಬಿದ್ದಿರುವುದು ‘ಪಟಿನಾ’ದಲ್ಲಿ, ಅಂದರೆ ವಯಸ್ಸಾದಂತೆ ತಾನಾಗಿ ಬರುವ ಬಣ್ಣದಲ್ಲಿ. ಬಿಳಿ ಡಯಲ್ ವರ್ಷಗಳು ಕಳೆದಂತೆ ಕೆನೆಬಣ್ಣಕ್ಕೆ, ಕಪ್ಪು ಡಯಲ್ ಕಂದಿಗೆ ತಿರುಗುವುದುಂಟು. ಸಮನಾಗಿ ತಿರುಗಿದರೆ ಅದಕ್ಕಾಗಿಯೇ ಹುಡುಕಿಕೊಂಡು ಹೋಗುವವರಿದ್ದಾರೆ. ನೀರಿಳಿದು ಕಲೆಯಾಗಿದ್ದರೆ ಅದು ಪಟಿನಾ ಅಲ್ಲ, ಹಾಳಾದದ್ದು. ‘ಕಿಲುಬು’ ಅನ್ನೋಣವೆಂದರೆ ಅದು ತಾಮ್ರ, ಹಿತ್ತಾಳೆಗೆ ಹಿಡಿಯುವಂಥದು, ತಿಕ್ಕಿ ತೆಗೆಯಬೇಕೆನಿಸುವಂಥದು. ಸದ್ಯಕ್ಕೆ ‘ಮಾಗಿದ ಡಯಲ್’, ‘ಮಾಸಿದ ಡಯಲ್’ ಅಂತ ಎರಡು ಬರೆದಿಟ್ಟಿದ್ದೇನೆ. ಒಂದಕ್ಷರದ ವ್ಯತ್ಯಾಸ, ಆದರೆ ಕೊಳ್ಳುವವರಿಗೆ ತಿಳಿಯಬೇಕಾದ್ದೆಲ್ಲ ಅದರಲ್ಲೇ ಇದೆ. ನನ್ನ ಅನುಮಾನ ಒಂದೇ. ಹಣ್ಣು ಮಾಗುತ್ತದೆ, ದನಿ ಮಾಗುತ್ತದೆ, ಮನಸ್ಸೂ ಮಾಗುತ್ತದೆ. ಬಣ್ಣ ಬಳಿದ ಲೋಹದ ಬಿಲ್ಲೆ ಮಾಗಿತು ಅಂದರೆ ನಿಮ್ಮ ಕಿವಿ ಒಪ್ಪುತ್ತದೆಯೇ? ಮನೆಯಲ್ಲಿ ಹಿರಿಯರು ಹಳೇ ಪಾತ್ರೆ, ಮರ, ತೊಗಲಿನ ಇಂಥ ಬಣ್ಣಕ್ಕೆ ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ಬರೆಯಿರಿ.