ಧಾರೆ ಹೊತ್ತಿಗೆ ಫ್ಲ್ಯಾಶ್ ಎಲ್ಲಿ ಹಿಡೀಬೇಕು?

ಪ್ರಶ್ನೆ: ಮದುವೆ ಫೋಟೋಗ್ರಾಫರ್ ಹತ್ರ ಅಸಿಸ್ಟೆಂಟಾಗಿ ಸೇರಿದ್ದೀನಿ. ಧಾರೆ ಹೊತ್ತಿಗೆ ಸ್ಟ್ಯಾಂಡಿನ ಫ್ಲ್ಯಾಶ್ ಎಲ್ಲಿರಬೇಕು? ಕೆಲವು ಫೋಟೋದಲ್ಲಿ ಒಂದು ಅಂಚಿಗೆ ಕಪ್ಪು ಪಟ್ಟಿ ಬರ್ತಿದೆ, ಯಾಕೆ?

ಉತ್ತರ 1: ಕ್ಯಾಮೆರಾದಿಂದ 45 ಡಿಗ್ರಿ ಪಕ್ಕಕ್ಕೆ, ಮುಖಕ್ಕಿಂತ ಎರಡಡಿ ಮೇಲೆ. ಫ್ಲ್ಯಾಶಿಗೂ ಜೋಡಿಗೂ ನಡುವಿನ ದೂರ ಬದಲಾಗಬಾರದು. ಎಂಟಡಿಯಿಂದ ನಾಲ್ಕಡಿಗೆ ಬಂದರೆ ಬೆಳಕು ನಾಲ್ಕು ಪಟ್ಟು, ಫೋಟೋದಲ್ಲಿ ಬಿಳಿ ಪಂಚೆ ವಿವರವೇ ಕಾಣದೆ ಪೂರ್ತಿ ಬೆಳ್ಳಗಾಗಿಬಿಡುತ್ತೆ. ನೆಂಟರು ಎಷ್ಟೇ ತಳ್ಳಿದರೂ ಜಾಗ ಬಿಡಬೇಡಿ, ಧಾರೆ ಇನ್ನೊಮ್ಮೆ ಎರೆಯಲ್ಲ.

ಉತ್ತರ 2: ಪಟ್ಟಿಗೆ ಕಾರಣ ಶಟರ್ ಸ್ಪೀಡ್ ಸಿಂಕ್ ಮಿತಿ (ಫ್ಲ್ಯಾಶ್ ಬೆಳಕು ಇಡೀ ಫೋಟೋಗೆ ಬೀಳೋ ಅತಿ ವೇಗದ ಶಟರ್ ಸ್ಪೀಡ್) ದಾಟಿರೋದು. 1/200 ಸೆಕೆಂಡಿಗೆ ಇಳಿಸಿ ನೋಡಿ, ಕೆಲವು ಕ್ಯಾಮೆರಾಗೆ 1/160. ಆ ಮಿತಿ ದಾಟಿಯೂ ಫ್ಲ್ಯಾಶ್ ಬಳಸೋಕೆ ಹೈಸ್ಪೀಡ್ ಸಿಂಕ್ ಅನ್ನೋ ಸೆಟ್ಟಿಂಗ್ ಹಾಕಬಹುದು, ಆದರೆ ಫ್ಲ್ಯಾಶಿನ ಪವರ್ ತಗ್ಗುತ್ತೆ.

ಉತ್ತರ 3: ಫ್ಲ್ಯಾಶಿನ ನಾಲ್ಕೂ ಎಎ ಸೆಲ್ ಒಂದೇ ಸೆಟ್ಟಿನದಿರಲಿ. ಒಂದು ಸೋತರೂ ರೀಸೈಕಲ್ (ಫ್ಲ್ಯಾಶ್ ಮುಂದಿನ ಸಲಕ್ಕೆ ರೆಡಿಯಾಗೋದು) ನಿಧಾನ. ಚಾರ್ಜಾದ ಸೆಟ್ಟನ್ನು ಮುಹೂರ್ತಕ್ಕೆ ಮುಂಚೆಯೇ ಹಾಕಿಬಿಡಿ.