ಐದು ಸಾವಿರದೊಳಗೆ ಡಿಲೇ ಪೆಡಲ್, ಆರ್ಕೆಸ್ಟ್ರಾಗೆ ಯಾವ್ದು ತಗೊಳ್ಳೋದು?

ಪ್ರಶ್ನೆ:
ನಮಸ್ಕಾರ ಸರ್, ನಾನು ಹಾಸನ ಕಡೆಯವ್ನು, ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸ್ತೀನಿ, ಗಣಪತಿ ಸೀಸನ್ನು, ಮದ್ವೆ ರಿಸೆಪ್ಷನ್ನು ಅಷ್ಟೇ, ಹಗಲು ಬೇರೆ ಕೆಲ್ಸ ಇದೆ. ನನ್ಹತ್ರ ಇರೋದು ಬಾಸ್ ಡಿಎಸ್-1 ಡಿಸ್ಟಾರ್ಷನ್ (ಸೌಂಡ್ ಒರಟು ಮಾಡೋ ಪೆಡಲ್) ಒಂದು, 15 ವಾಟ್ ಆಂಪ್ ಒಂದು. ಹಳೇ ಸಿನಿಮಾ ಹಾಡಲ್ಲಿ ಮಧ್ಯೆ ಗಿಟಾರ್ ಬಿಟ್ ಬರುತ್ತಲ್ಲ, ಅದು ನಾನು ನುಡಿಸಿದ್ರೆ ಒಣಒಣ ಕೇಳ್ಸುತ್ತೆ. ಡಿಲೇ, ಅಂದ್ರೆ ನುಡಿಸಿದ್ದನ್ನ ಸ್ವಲ್ಪ ತಡವಾಗಿ ಎಕೋ ಥರ ಮತ್ತೆ ಕೇಳ್ಸೋ ಪೆಡಲ್, ಹಾಕೋ ಅಂತ ಎಲ್ರೂ ಹೇಳಿದ್ರು ಅಂತ ಫ್ರೆಂಡ್ ಪೆಡಲ್ ಇಸ್ಕೊಂಡು ಒಂದು ಪ್ರೋಗ್ರಾಮಿಗೆ ಹಾಕ್ದೆ, ಎಲ್ಲಾ ಕಲಸುಮೇಲೋಗರ ಆಗೋಯ್ತು, ಕೀಬೋರ್ಡ್ ಅಣ್ಣ ಅರ್ಧದಲ್ಲೇ ಆಫ್ ಮಾಡ್ಸಿದ. ಬಜೆಟ್ 5000. ಅನಲಾಗಾ ಡಿಜಿಟಲ್ಲಾ? ಟ್ಯಾಪ್ ಟೆಂಪೋ (ಹಾಡಿನ ತಾಳಕ್ಕೆ ಸ್ವಿಚ್ ತಟ್ಟಿ ಎಕೋ ಟೈಮ್ ಸೆಟ್ ಮಾಡೋದು) ಇಲ್ದಿದ್ರೆ ವೇಸ್ಟ್ ಅಂತಾರೆ, ಹೌದಾ?

ಉತ್ತರ (ಪೆಡಲ್, ಆಂಪ್ ರಿಪೇರಿ ಮಾಡೋರು, ಬೆಂಗಳೂರು):
ಮೊದ್ಲು ಆ ಕಲಸುಮೇಲೋಗರದ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ಅದು ಸರಿಹೋಗ್ದೆ ಐವತ್ತು ಸಾವಿರದ ಪೆಡಲ್ ತಗೊಂಡ್ರೂ ಅದೇ ಗತಿ. ಗಿಟಾರ್ ಕೇಬಲ್ ಮೊದ್ಲು ಡಿಲೇಗೆ ಹೋಗಿ ಆಮೇಲೆ ಡಿಎಸ್-1ಗೆ ಬಂದಿತ್ತಾ? ಹಂಗಿದ್ರೆ ನುಡಿಸಿದ ಸ್ವರ, ಅದರ ಎಕೋ ಎರಡೂ ಒಟ್ಟಿಗೇ ಡಿಸ್ಟಾರ್ಷನ್ನೊಳಗೆ ನುಗ್ಗುತ್ತೆ, ಮೆಲ್ಲಗಿರ್ಬೇಕಾದ ಎಕೋನೂ ಅಸಲಿನಷ್ಟೇ ಜೋರಾಗುತ್ತೆ, ಎರಡು ಸ್ವರ ಸೇರಿ ಗರಗರ ಅನ್ನುತ್ತೆ. ಗಿಟಾರ್, ಆಮೇಲೆ ಡಿಎಸ್-1, ಆಮೇಲೆ ಡಿಲೇ, ಕೊನೇಲಿ ಆಂಪ್ ಕ್ಲೀನ್ ಚಾನೆಲ್, ಈ ಆರ್ಡರಲ್ಲೇ ಹಾಕಿ. ಆಂಪಿನ ಗೇನ್ ಏರ್ಸಿದ್ರೆ ಆಂಪೇ ಡಿಸ್ಟಾರ್ಷನ್ ಮಾಡುತ್ತೆ, ಮತ್ತೆ ಅದೇ ಕಥೆ.

ಈಗ ಯಾವ್ದು ಅಂತ. ನಿಮ್ ಕೆಲ್ಸಕ್ಕೆ ನಾನು ಮಬ್ಬು ಎಕೋ ಕೊಡೋ ಮೂರು ನಾಬಿನ (ಟೈಮ್, ರಿಪೀಟ್, ಎಕೋ ಎಷ್ಟು ಸೇರ್ಬೇಕು ಅನ್ನೋ ಮಿಕ್ಸ್) ಪೆಡಲ್ಲೇ ಹೇಳ್ತೀನಿ. ಸ್ಟೇಜಲ್ಲಿ ನಿಮ್ ಗಿಟಾರ್ ಒಂದೇ ಅಲ್ಲ ಇರೋದು, ಸೌಂಡ್ ಸಿಸ್ಟಂ ಅಣ್ಣ ಹಾಡೋರ ಮೈಕಿಗೆ ಮೊದ್ಲೇ ಎಕೋ ಸುರಿದಿರ್ತಾನೆ, ಅದರ ಮೇಲೆ ಎದುರುಗಡೆ ಬಿಲ್ಡಿಂಗಿಗೆ ಬಡಿದು ವಾಪಸ್ ಬರೋದು ಬೇರೆ. ಅಂಥ ಕಡೆ ಡಿಜಿಟಲ್ ಪೆಡಲ್ ಕೊಡೋ ಕನ್ನಡಿ ಥರ ಕ್ಲಿಯರ್ ಎಕೋ ಹಾಕಿದ್ರೆ ಇಬ್ಬರು ಗಿಟಾರಿಸ್ಟ್ ಜಗಳ ಆಡ್ದಂಗೆ ಕೇಳ್ಸುತ್ತೆ. ಪ್ರತಿ ಸಲ ರಿಪೀಟ್ ಆದಾಗ್ಲೂ ಸ್ವಲ್ಪ ಸ್ವಲ್ಪ ಹೈ (ಟ್ರೆಬಲ್) ಕಳ್ಕೊಂಡು ಮಂಕಾಗೋ ಎಕೋ ಇದ್ರೆ ಹಾಡಿನ ಹಿಂದೆ ಸುಮ್ನೆ ಕೂತ್ಕೊಳ್ಳುತ್ತೆ.

ಹಂಗಾದ್ರೆ ಅನಲಾಗೇ ತಗೋ ಅಂತಿದೀರಾ ಅಂದ್ರೆ, ಡಬ್ಬದ ಮೇಲೆ ಅನಲಾಗ್ ಅಂತ ಬರ್ದಿರೋದೆಲ್ಲ ಅನಲಾಗ್ ಅಲ್ಲ ಗುರು. ಅಸಲಿ ಅನಲಾಗಲ್ಲಿ ಬಕೆಟ್ ಬ್ರಿಗೇಡ್ ಅನ್ನೋ ಚಿಪ್ ಇರುತ್ತೆ, 1969ರಲ್ಲಿ ಫಿಲಿಪ್ಸ್‌ನೋರು ಕಂಡುಹಿಡಿದಿದ್ದು, ಕೆರೆಯಿಂದ ಸಾಲಾಗಿ ನಿಂತು ಬಿಂದಿಗೆ ಕೈಯಿಂದ ಕೈಗೆ ದಾಟಿಸ್ದಂಗೆ ಸಿಗ್ನಲ್‌ನ ಸಾವಿರಾರು ಕೆಪಾಸಿಟರ್ ಒಂದಕ್ಕೊಂದು ದಾಟ್ಸುತ್ತೆ, ದಾರೀಲಿ ಸ್ವಲ್ಪ ಚೆಲ್ಲುತ್ತೆ, ಆ ಚೆಲ್ಲಿದ್ದೇ ನಾವು ಇಷ್ಟಪಡೋ ಮಬ್ಬು. ಕಮ್ಮಿ ರೇಟಿಂದ್ರಲ್ಲಿ ಬೆರಿಂಜರ್ ವಿಡಿ400 ಹಿಂಗಿರೋದು, 300 ಮಿಲಿಸೆಕೆಂಡ್ ತನಕ ಬರುತ್ತೆ, ಬಾಡಿ ಪ್ಲಾಸ್ಟಿಕ್ಕು, ಶೂ ಹಾಕ್ಕೊಂಡು ದಬದಬ ತುಳಿಯೋರಿಗಲ್ಲ. ಮಿಕ್ಕಿದ್ದು ಬಹುಪಾಲು ಪಿಟಿ2399 ಅನ್ನೋ ಚಿಪ್ಪಿನದ್ದು. ಅದು ನಿಜವಾಗಿ ಡಿಜಿಟಲ್ಲೇ, ಕರೋಕೆ ಮೈಕಿಗೆ ಎಕೋ ಕೊಡೋಕೆ ಅಂತ ಮಾಡಿದ್ದು, ಆದ್ರೆ ಸೌಂಡ್ ಮಂಕಾಗಿರೋದ್ರಿಂದ ಅನಲಾಗ್ ಹೆಸ್ರಲ್ಲಿ ಓಡುತ್ತೆ. ಮೋಸ ಅನ್ನಲ್ಲ ನಾನು, ನನ್ ಬೋರ್ಡಲ್ಲೂ ಅಂಥದ್ದೇ ಒಂದಿದೆ. ನಿಮ್ ಬಜೆಟ್ಟಿಗೆ ಇದೇ ಸಾಕು.

ಅಡಾಪ್ಟರಿಗೆ ಅಂತ ಬಜೆಟ್ಟಲ್ಲೇ ಒಂದಿಷ್ಟು ಎತ್ತಿಟ್ಕೊಳ್ಳಿ. ಮಿನಿ ಪೆಡಲಲ್ಲಿ ಬ್ಯಾಟರಿ ಹಾಕೋಕೆ ಸಾಮಾನ್ಯವಾಗಿ ಜಾಗಾನೇ ಇರಲ್ಲ. ನನ್ ಹತ್ರ ರಿಪೇರಿಗೆ ಬರೋದ್ರಲ್ಲಿ ಎಷ್ಟೋ ಕೇಸು ಮನೇಲಿದ್ದ ಹಳೇ ವೈಫೈ ರೂಟರ್ ಅಡಾಪ್ಟರ್ ಚುಚ್ಚಿದ್ದು. ಪಿನ್ನು ಸರ್ಯಾಗಿ ಕೂರುತ್ತೆ, ಅದೇ ಎಡವಟ್ಟು. ಪೆಡಲಿಗೆ ಬೇಕಿರೋದು 9 ವೋಲ್ಟ್, ಮಧ್ಯದ ಪಿನ್ ಮೈನಸ್. ರೂಟರಿಂದು ಸಾಮಾನ್ಯವಾಗಿ ಮಧ್ಯದಲ್ಲಿ ಪ್ಲಸ್, ಕೆಲವು 12 ವೋಲ್ಟ್ ಬೇರೆ. ಅಡಾಪ್ಟರ್ ಮೇಲೆ ಸಣ್ಣ ವೃತ್ತದ ಚಿತ್ರ ಇರುತ್ತೆ, ಮಧ್ಯದ ಚುಕ್ಕೆಗೆ ಮೈನಸ್ ಗೆರೆ ಸೇರಿದ್ಯಾ ನೋಡ್ಕೊಂಡು ಚುಚ್ಚಿ.

ಇನ್ನೊಬ್ಬರು:
ಸರ್ ಟ್ಯಾಪ್ ಟೆಂಪೋ ಬಗ್ಗೆ ಹೇಳ್ಲೇ ಇಲ್ವಲ್ಲ. ನಾನು ಚರ್ಚಲ್ಲಿ ನುಡಿಸ್ತೀನಿ, ಅದಿಲ್ದೆ ಆಗೋದೇ ಇಲ್ಲ ನಂಗೆ.

ಉತ್ತರ:
ನಿಮಗೆ ಬೇಕು, ಒಪ್ತೀನಿ, ಯಾಕಂದ್ರೆ ನೀವು ನುಡಿಸೋ ಪ್ಯಾಟರ್ನಲ್ಲಿ ಎಕೋನೇ ಅರ್ಧ ತಾಳ. 60,000ನ ಬಿಪಿಎಮ್‌ನಿಂದ (ನಿಮಿಷಕ್ಕೆ ಎಷ್ಟು ಬೀಟು ಅನ್ನೋದು) ಭಾಗಿಸಿದ್ರೆ ಒಂದು ಬೀಟು ಎಷ್ಟು ಮಿಲಿಸೆಕೆಂಡ್ ಅಂತ ಬರುತ್ತೆ, 120ಕ್ಕೆ 500, ಅದರ ಮುಕ್ಕಾಲು 375, ಆ ಮುಕ್ಕಾಲಿನ ಎಕೋ ಹಾಕೋರಿಗೆ ಇಪ್ಪತ್ತು ಮಿಲಿಸೆಕೆಂಡ್ ಆಚೆ ಈಚೆ ಆದ್ರೂ ಹಾಡು ಕುಂಟುತ್ತೆ. ನೀವು ಟ್ಯಾಪ್ ಇರೋ ಡಿಜಿಟಲ್ ತಗೊಳ್ಳಿ, ಇನ್ನೊಂದಿಷ್ಟು ದುಡ್ಡು ಸೇರ್ಸಿ. ಹಾಸನದೋರದ್ದು ಬೇರೆ, ಬರೀ ಲೀಡ್ ಬಿಟ್ ನುಡಿಸೋದು, ಟೈಮ್ 300ರಿಂದ 350 ಮಿಲಿಸೆಕೆಂಡ್ ಹತ್ರ, ರಿಪೀಟ್ ಎರಡೋ ಮೂರೋ, ಮಿಕ್ಸ್ ಕಾಲುಭಾಗ, ಅಷ್ಟರಲ್ಲಿ ಯಾವ ಸ್ಪೀಡಿನ ಹಾಡಾದ್ರೂ ಯಾರಿಗೂ ಗೊತ್ತಾಗಲ್ಲ. ಎಕೋ ಇದೆ ಅಂತ ಗೊತ್ತಾಗ್ಬಾರ್ದು, ಆಫ್ ಮಾಡ್ದಾಗ ಏನೋ ಹೋಯ್ತಲ್ಲ ಅನ್ಸ್ಬೇಕು, ಅಲ್ಲಿಗೆ ನಿಲ್ಸಿ.

ಪ್ರಶ್ನೆ ಕೇಳಿದವರು:
ಸರ್ ಆರ್ಡರ್ ನೀವ್ ಹೇಳ್ದಂಗೆ ಉಲ್ಟಾನೇ ಇತ್ತು 🙏 ಒಂದು ಸೆಕೆಂಡ್ ಹ್ಯಾಂಡ್ ಸಿಗ್ತಿದೆ, ಪಿಟಿ2399 ಇರೋದೇ, 2200 ಹೇಳ್ತಿದಾರೆ. ಏನೇನ್ ಚೆಕ್ ಮಾಡ್ಲಿ?

ಉತ್ತರ:
ನಿಮ್ ಗಿಟಾರು, ನಿಮ್ ಕೇಬಲ್ಲು ತಗೊಂಡೋಗಿ, ಅಲ್ಲಿರೋದ್ರಲ್ಲಿ ನೋಡ್ಬೇಡಿ. ಫುಟ್‌ಸ್ವಿಚ್ ಒಂದು ಇಪ್ಪತ್ತು ಸಲ ಒತ್ತಿ, ಒಂದ್ಸಲನೂ ಕೈಕೊಡಬಾರ್ದು. ಜಾಕ್ ಚುಚ್ಚಿ ಕೇಬಲ್ ಅಲ್ಲಾಡ್ಸಿ, ಪರಪರ ಅಂದ್ರೆ ಸೋಲ್ಡರ್ ಬಿಟ್ಟಿದೆ, ಅದು ಚಿಕ್ಕ ಕೆಲ್ಸ, ರೇಟ್ ಇಳಿಸೋಕೆ ಒಳ್ಳೇ ನೆಪ. ಆಮೇಲೆ ಆಂಪ್ ವಾಲ್ಯೂಮ್ ಕಮ್ಮಿ ಮಾಡ್ಕೊಂಡು, ಮರೀಬೇಡಿ ಇದನ್ನ, ರಿಪೀಟ್ ನಾಬ್ ಪೂರ್ತಿ ತಿರುಗ್ಸಿ, ಎಕೋ ತನ್ನಷ್ಟಕ್ಕೆ ಏರ್ಕೊಂಡು ಊಳಿಡೋಕೆ ಶುರು ಮಾಡುತ್ತೆ, ಅದು ಸಾಮಾನ್ಯ. ಊಳಿಡ್ವಾಗ ಟೈಮ್ ನಾಬ್ ತಿರುಗ್ಸಿದ್ರೆ ಸ್ವರ ನುಣ್ಣಗೆ ಜಾರ್ಬೇಕು, ಟಪಟಪ ಕಟ್ ಆದ್ರೆ ಆ ನಾಬ್ ಸವೆದಿದೆ.

ಪ್ರಶ್ನೆ ಕೇಳಿದವರು:
ತಗೊಂಡೆ ಸರ್, 1900ಕ್ಕೆ ಕೊಟ್ರು. ಒಂದೇ ಡೌಟು, ಟೈಮ್ ನಾಬ್ ಮುಕ್ಕಾಲು ದಾಟ್ಸಿದ್ರೆ ಎಕೋ ಜೊತೆ ಸುಯ್ಯ್ ಅಂತ ಸೌಂಡ್ ಬರುತ್ತೆ. ಹಾಳಾಗಿದ್ಯಾ?

ಉತ್ತರ:
ಇಲ್ಲ, ಆ ಚಿಪ್ಪಿನ ಜಾತಿನೇ ಅದು, ಟೈಮ್ ಎಳೆದಷ್ಟೂ ಒಳಗಿನ ಕ್ಲಾಕ್ ನಿಧಾನ ಆಗಿ ನಾಯ್ಸ್ ಜಾಸ್ತಿ ಆಗುತ್ತೆ. ಸುಯ್ಯ್ ಶುರುವಾಗೋ ಜಾಗಕ್ಕೆ ಬಿಳಿ ಟೇಪ್ ತುಂಡು ಅಂಟ್ಸಿ, ಅದಕ್ಕಿಂತ ಮುಂದೆ ತಿರುಗಿಸ್ಬೇಡಿ. ಸ್ಟೇಜ್ ಕತ್ಲಲ್ಲೂ ಕಾಣುತ್ತೆ.