ತ್ರಿಕೋನ ಪ್ರೇಮದ ಕಥೆ ಅರ್ಧಕ್ಕೆ ನಿಂತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿಯನ್ನು ಇಬ್ಬರು ಪ್ರೀತಿಸುತ್ತಾರೆ. ಒಬ್ಬ ಚಿಕ್ಕಂದಿನ ಗೆಳೆಯ, ಅವಳು ಸುಮ್ಮನಿದ್ದರೂ ಅವನಿಗೆ ಅರ್ಥವಾಗುತ್ತದೆ. ಇನ್ನೊಬ್ಬ ಹೊಸಬ, ಅವನ ಜೊತೆಯಿದ್ದಾಗ ಅವಳಿಗೆ ತಾನೇ ಹೊಸಬಳು ಅನ್ನಿಸುತ್ತದೆ.

ತೊಂದರೆ ಏನೆಂದರೆ, ಅವಳು ಗೆಳೆಯನನ್ನೇ ಆರಿಸುತ್ತಾಳೆ ಎಂದು ಮೂರನೇ ಅಧ್ಯಾಯದಲ್ಲೇ ಗೊತ್ತಾಗಿಬಿಡುತ್ತದೆ. ಓದಿದ ಇಬ್ಬರೂ ಅದನ್ನೇ ಹೇಳಿದರು. ಹೊಸಬನನ್ನು ಕೊನೆಯಲ್ಲಿ ಕೆಟ್ಟವನನ್ನಾಗಿ ಮಾಡಿದರೆ, ಇಲ್ಲವೇ ಅಪಘಾತದಲ್ಲಿ ಸಾಯಿಸಿದರೆ ಕಥೆ ಸುಲಭವಾಗಿ ಮುಗಿಯುತ್ತದೆ. ಆದರೆ ಆಗ ಅವಳು ಆರಿಸಿದ ಹಾಗೆ ಆಗುವುದಿಲ್ಲ, ಅಲ್ವಾ? ಉಳಿದವನ ಕೈ ಹಿಡಿದ ಹಾಗಾಗುತ್ತದೆ. ಅದು ನನಗೆ ಬೇಡವೇ ಬೇಡ. ಇಬ್ಬರೂ ಒಳ್ಳೆಯವರಾಗಿಯೇ ಇರಬೇಕು. ಯಾರನ್ನು ಬಿಟ್ಟರೂ ಅವಳು ನಿಜವಾಗಿ ಏನನ್ನೋ ಕಳೆದುಕೊಳ್ಳಬೇಕು.

ಇನ್ನೊಂದು ಕೊರತೆಯೂ ಇದೆ. ಆ ಇಬ್ಬರು ಗಂಡಸರ ನಡುವೆ ಯಾವ ಸಂಬಂಧವೂ ಇಲ್ಲ. ತ್ರಿಕೋನಕ್ಕೆ ಮೂರು ಬದಿ ಬೇಕು, ನನ್ನ ಕಥೆಯಲ್ಲಿ ಎರಡೇ ಇವೆ. ಅವರನ್ನು ಸ್ನೇಹಿತರನ್ನಾಗಿ ಮಾಡಲೇ, ಅಣ್ಣತಮ್ಮಂದಿರನ್ನಾಗಿ ಮಾಡಲೇ?

ಇಡೀ ಕಥೆ ಅವಳ ಕಣ್ಣಿಂದಲೇ ಸಾಗುತ್ತದೆ. ಒಂದೆರಡು ಅಧ್ಯಾಯ ಹೊಸಬನ ಬಾಯಲ್ಲಿ ಹೇಳಿಸಿದರೆ ತಕ್ಕಡಿ ಸಮ ಆಗಬಹುದಾ? ಇಂಥ ಕಥೆ ಬರೆದವರು, ಜಾಸ್ತಿ ಓದಿದವರು ದಯವಿಟ್ಟು ಹೇಳಿ. ಸುಮ್ನೆ ಚೆನ್ನಾಗಿದೆ ಅನ್ನಬೇಡಿ, ಎಲ್ಲಿ ಎಡವಿದ್ದೇನೆ ಅಂತ ತೋರಿಸಿ.